ಪುಟ್ಟ ಮನೆಯ ಪಹಣಿ

ಆ ಪುಸ್ತಕವನ್ನು ಮೊದಲ ಸಲ ಓದಿದಾಗ ನನ್ನ ಮನಸ್ಸಿನಲ್ಲಿ ಕೂತದ್ದು ಅದರೊಳಗಿನ ಬಾಗಿಲು. ಒಂದೇ ಒಂದು ಮೊಳೆಯಿಲ್ಲದೆ ಕಥೆಯ ಅಪ್ಪ ಮಾಡುವ ಬಾಗಿಲು. ಹಲಗೆಗಳನ್ನು ಮರದ ಗೂಟ ಹೊಡೆದು ಬಿಗಿಯುತ್ತಾನೆ, ಕೀಲಿನ ಬದಲು ತೊಗಲಿನ ಪಟ್ಟಿ ಹಾಕುತ್ತಾನೆ, ಒಳಗಡೆ ಮರದ ಅಗುಳಿ ಕೂರಿಸುತ್ತಾನೆ. ಅಗುಳಿಗೆ ಕಟ್ಟಿದ ಒಂದು ಬಾರು ಬಾಗಿಲ ತೂತಿನಿಂದ ಹೊರಕ್ಕೆ ಇಳಿಬಿದ್ದಿರುತ್ತದೆ. ಹೊರಗಿನಿಂದ ಬಾರು ಎಳೆದರೆ ಅಗುಳಿ ಮೇಲೇಳುತ್ತದೆ. ರಾತ್ರಿ ಬಾರನ್ನು ಒಳಕ್ಕೆ ಎಳೆದುಕೊಂಡರೆ ಮುಗಿಯಿತು, ಮನೆ ಭದ್ರ. ನಾನು ಆಗ ಹತ್ತು ವರ್ಷದವನು. ಇದನ್ನೇ ನಮ್ಮ ಕೊಟ್ಟಿಗೆಗೆ ಮಾಡಲು ಹೋಗಿ ಅಜ್ಜನ ಚಪ್ಪಲಿಯ ಪಟ್ಟಿ ಕತ್ತರಿಸಿದೆ. ಚಪ್ಪಲಿಯೂ ಹೋಯಿತು, ಬಾಗಿಲೂ ಆಗಲಿಲ್ಲ.

ಪುಸ್ತಕ ಲಾರಾ ಇಂಗಲ್ಸ್ ವೈಲ್ಡರ್ ಬರೆದ ‘ಲಿಟಲ್ ಹೌಸ್ ಆನ್ ದ ಪ್ರೇರಿ’, ಹುಲ್ಲುಗಾವಲಿನ ಪುಟ್ಟ ಮನೆ. 1935ರಲ್ಲಿ ಬಂದದ್ದು. ಈ ಮಾಲೆ ಕನ್ನಡಕ್ಕೂ ಬಂದಿದೆ, ನಾನು ಮೊದಲು ಓದಿದ್ದು ಕನ್ನಡದಲ್ಲೇ. ಈಚೆಗೆ ಮತ್ತೆ ಓದಿದೆ. ಈ ನಡುವೆ ಅಜ್ಜನ ಎರಡು ಎಕರೆಯ ಪೌತಿ ಖಾತೆಗಾಗಿ ಒಂದೂವರೆ ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದೇನೆ. ಅಂಥ ಅಲೆದಾಟದ ನಂತರ ಓದುವ ಕಣ್ಣೇ ಬೇರೆಯಾಗುತ್ತದೆ. ಬಾಗಿಲ ಚಂದ ಈಗಲೂ ಹಾಗೇ ಇದೆ. ಆದರೆ ಈ ಸಲ ಓದುತ್ತಿದ್ದಂತೆ ತಲೆಯೊಳಗೊಬ್ಬ ಗ್ರಾಮ ಲೆಕ್ಕಿಗ ಎದ್ದು ಕೂತು ಕೇಳತೊಡಗಿದ: ಈ ಮನೆ ಕಟ್ಟಿರುವ ಜಾಗದ ಪಹಣಿ ಯಾರ ಹೆಸರಿನಲ್ಲಿದೆ?

ಉತ್ತರ ಸಿಕ್ಕಿದರೆ ಇಡೀ ಕಥೆ ಬೇರೆ ರೀತಿ ಕಾಣುತ್ತದೆ. ಆದರೆ ಉತ್ತರ ನೇರವಾಗಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ಕಥೆ ಎಲ್ಲರಿಗೂ ಗೊತ್ತಿರುವಷ್ಟೇ ಸರಳ. ವಿಸ್ಕಾನ್ಸಿನ್ನಿನ ಕಾಡಿನಲ್ಲಿ ಜನ ಹೆಚ್ಚಾದರು, ಬೇಟೆ ಕಡಿಮೆಯಾಯಿತು ಎಂದು ಲಾರಾಳ ಅಪ್ಪ ಚಾರ್ಲ್ಸ್ ಇಂಗಲ್ಸ್ ಹೆಂಡತಿ ಕ್ಯಾರೊಲೈನ್ ಮತ್ತು ಲಾರಾ ಸೇರಿದಂತೆ ಮಕ್ಕಳನ್ನು ಬಟ್ಟೆ ಹೊದಿಸಿದ ಗಾಡಿಯಲ್ಲಿ ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಡುತ್ತಾನೆ. ಕಾನ್ಸಾಸ್‌ನ ಹುಲ್ಲುಗಾವಲಿನಲ್ಲಿ ದಿಮ್ಮಿ ಪೇರಿಸಿ ಮನೆ ಕಟ್ಟುತ್ತಾನೆ, ಬಾವಿ ತೋಡುತ್ತಾನೆ, ನೆಲ ಉಳುತ್ತಾನೆ. ಒಂದು ವರ್ಷದ ಹೊತ್ತಿಗೆ ಎಲ್ಲವನ್ನೂ ಬಿಟ್ಟು ಹೊರಡಬೇಕಾಗುತ್ತದೆ.

ಅಮೆರಿಕದ ಪಶ್ಚಿಮದಲ್ಲಿ ಆಗ ಜಮೀನು ಮಾಡಿಕೊಳ್ಳುವ ದಾರಿಗಳಲ್ಲಿ ಎರಡು ಮುಖ್ಯವಾದವು. ಒಂದು 1862ರ ಹೋಮ್‌ಸ್ಟೆಡ್ ಕಾಯ್ದೆ. ಸರ್ಕಾರಿ ಜಮೀನಿನಲ್ಲಿ 160 ಎಕರೆ ಗುರುತಿಸಿ, ಸಣ್ಣ ಶುಲ್ಕ ಕಟ್ಟಿ, ಅಲ್ಲೇ ಮನೆ ಮಾಡಿ ಐದು ವರ್ಷ ಸಾಗುವಳಿ ಮಾಡಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ಇನ್ನೊಂದು ಅದಕ್ಕಿಂತ ಹಳೆಯದು, ಪ್ರೀಎಂಪ್ಶನ್. ಮೊದಲು ಹೋಗಿ ಕೂತುಬಿಡುವುದು, ಉಳುಮೆ ಶುರು ಮಾಡುವುದು, ಜಮೀನು ಮಾರಾಟಕ್ಕೆ ಬಂದಾಗ ‘ನಾನು ಮೊದಲಿನಿಂದ ಇಲ್ಲೇ ಇದ್ದೇನೆ’ ಎಂದು ಹೇಳಿ ನಿಗದಿತ ಬೆಲೆಗೆ ಮೊದಲ ಹಕ್ಕಿನಿಂದ ಕೊಳ್ಳುವುದು. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಕಷ್ಟವಾಗಬೇಕಿಲ್ಲ. ಬಗರ್ ಹುಕುಂ ಎಂಬ ಮಾತು ಗೊತ್ತಿದ್ದರೆ ಸಾಕು: ಹುಕುಂ ಇಲ್ಲದೆ ಉಳುವುದು, ಎಂದಾದರೂ ಸಕ್ರಮವಾದೀತು ಎಂದು ಕಾಯುವುದು.

ಎರಡು ದಾರಿಗೂ ಒಂದು ಷರತ್ತಿತ್ತು. ಜಮೀನು ಮೊದಲು ಸರ್ಕಾರದ್ದಾಗಿರಬೇಕು. ಅಂದರೆ ಅಲ್ಲಿನ ಮೂಲನಿವಾಸಿಗಳ ಜೊತೆ ಒಪ್ಪಂದವಾಗಿ ಅವರ ಹಕ್ಕು ಕಳೆದಿರಬೇಕು, ಸರ್ವೆ ಮುಗಿದಿರಬೇಕು, ಭೂ ಕಚೇರಿ ತೆರೆದಿರಬೇಕು. ಇಂಗಲ್ಸ್ ಕುಟುಂಬ ಕಾನ್ಸಾಸ್‌ಗೆ ಬಂದ 1869ರಲ್ಲಿ ಅವರು ಗಾಡಿ ನಿಲ್ಲಿಸಿದ ನೆಲಕ್ಕೆ ಇದರಲ್ಲಿ ಒಂದೂ ಆಗಿರಲಿಲ್ಲ. ಹಾಗಾಗಿ ಬಗರ್ ಹುಕುಂ ಎಂಬ ಹೋಲಿಕೆ ಇಲ್ಲಿ ಸ್ವಲ್ಪ ಉದಾರವಾಯಿತು. ನಮ್ಮಲ್ಲಿ ಬಡ ರೈತ ಉಳುವುದು ಸರ್ಕಾರದ ಗೋಮಾಳವನ್ನೋ ಬೀಳನ್ನೋ. ಚಾರ್ಲ್ಸ್ ಉಳುತ್ತಿದ್ದುದು ಒಪ್ಪಂದದ ಮೂಲಕ ಬೇರೊಂದು ಜನಾಂಗಕ್ಕೆಂದೇ ಉಳಿಸಿದ್ದ ನೆಲವನ್ನು.

ಆ ಜನಾಂಗ ಓಸೇಜ್. ಮಿಸ್ಸೌರಿ, ಕಾನ್ಸಾಸ್, ಇಂದಿನ ಒಕ್ಲಹೋಮಗಳಲ್ಲಿ ಹರಡಿದ್ದ ದೊಡ್ಡ ಸೀಮೆ ಅವರದು. 1825ರ ಒಪ್ಪಂದದಲ್ಲಿ ಅದರ ಬಹುಭಾಗ ಹೋಗಿ, ದಕ್ಷಿಣ ಕಾನ್ಸಾಸ್‌ನಲ್ಲಿ 50 ಮೈಲಿ ಅಗಲದ ಒಂದು ಪಟ್ಟಿ ಉಳಿಯಿತು. 1865ರಲ್ಲಿ ಅದನ್ನೂ ಕತ್ತರಿಸಿದರು. ಅಗಲ 30 ಮೈಲಿಗೆ ಇಳಿಯಿತು. ಕಾಗದಪತ್ರಗಳಲ್ಲಿ ಇದರ ಹೆಸರೇ ‘ಕುಗ್ಗಿಸಿದ ಮೀಸಲು ಪ್ರದೇಶ’. ಹೆಸರಿಡುವಾಗಲಾದರೂ ಯಾರೋ ಪ್ರಾಮಾಣಿಕರಿದ್ದರು. 1868ರಲ್ಲಿ ಉಳಿದದ್ದನ್ನೂ, ಸುಮಾರು 80 ಲಕ್ಷ ಎಕರೆಯನ್ನು, ಎಕರೆಗೆ 20 ಸೆಂಟ್‌ನಂತೆ ಒಂದು ರೈಲು ಕಂಪನಿಗೆ ಕೊಡಿಸುವ ಕರಾರು ತಯಾರಾಯಿತು. ಸೆನೆಟ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ನೆಲೆಸಲು ಬಂದವರೂ ಆ ಕರಾರನ್ನು ವಿರೋಧಿಸಿದರು. ಓಸೇಜರಿಗೆ ಅನ್ಯಾಯವಾಗುತ್ತದೆ ಎಂದಲ್ಲ, ಜಮೀನು ರೈಲಿನವರ ಪಾಲಾದರೆ ತಮಗೆ ಅಗ್ಗದಲ್ಲಿ ಸಿಗುವುದಿಲ್ಲ ಎಂದು.

ಹೀಗೆ ಯಾವುದೂ ತೀರ್ಮಾನವಾಗದ ಆ ಎರಡು ವರ್ಷಗಳಲ್ಲಿ ಸಾವಿರಾರು ಜನ ಒಳನುಗ್ಗಿದರು. ಓಸೇಜರು ವರ್ಷಕ್ಕೆ ಎರಡು ಸಲ ಪಶ್ಚಿಮದ ಬಯಲಿಗೆ ಕಾಡೆಮ್ಮೆ ಬೇಟೆಗೆ ಹೋಗುತ್ತಿದ್ದರು. ತಿರುಗಿ ಬರುವಷ್ಟರಲ್ಲಿ ಊರಿನ ಸುತ್ತ ಹೊಸ ಗುಡಿಸಲುಗಳು ಎದ್ದಿರುತ್ತಿದ್ದವು. ಕುದುರೆಗಳ ಕಳವು, ಗೋರಿಗಳ ಲೂಟಿ ನಡೆದವು. ಓಸೇಜರ ಮೇಲ್ವಿಚಾರಣೆಗೆ ಸರ್ಕಾರ ನೇಮಿಸಿದ್ದ ಐಸಾಕ್ ಗಿಬ್ಸನ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಅಧಿಕಾರಿ ಇದನ್ನೆಲ್ಲ ಕಂಡು, ಈ ಎರಡು ಪಂಗಡಗಳಲ್ಲಿ ಅನಾಗರಿಕರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ ಎಂಬರ್ಥದಲ್ಲಿ ವರದಿ ಬರೆದ.

ಇಷ್ಟು ತಿಳಿದ ಮೇಲೆ ಪುಸ್ತಕದ ಒಂದು ಪ್ರಸಂಗಕ್ಕೆ ಹಿಂದಿರುಗಿ. ಅಪ್ಪ ಬೇಟೆಗೆ ಹೋಗಿದ್ದಾನೆ. ಇಬ್ಬರು ಓಸೇಜ್ ಗಂಡಸರು ಸೀದಾ ಮನೆಯೊಳಗೆ ಬರುತ್ತಾರೆ. ಸೊಂಟಕ್ಕೆ ಸುತ್ತಿದ ಸ್ಕಂಕ್ ಎಂಬ ಪ್ರಾಣಿಯ ಹಸಿ ಚರ್ಮದಿಂದ ಗಬ್ಬು ವಾಸನೆ. ಅಮ್ಮ ಮಾತಾಡದೆ ಮೆಕ್ಕೆಜೋಳದ ರೊಟ್ಟಿ ಬೇಯಿಸಿ ಕೊಡುತ್ತಾಳೆ. ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೂರೂ ಬಿಡದೆ ತಿನ್ನುತ್ತಾರೆ, ಅಪ್ಪನ ತಂಬಾಕನ್ನೂ ತೆಗೆದುಕೊಂಡು ಹೋಗುತ್ತಾರೆ. ಲಾರಾ ಒಂದು ಕಿರಿದಾದ ಹಲಗೆಯ ಹಿಂದೆ ಅವಿತು ನೋಡುತ್ತಾಳೆ. ಹತ್ತನೆಯ ವಯಸ್ಸಿನಲ್ಲಿ ನಾನೂ ಉಸಿರು ಬಿಗಿಹಿಡಿದು ಆ ಹಲಗೆಯ ಹಿಂದೆಯೇ ನಿಂತಿದ್ದೆ. ಅಮ್ಮನಿಗೆ ಏನಾದೀತೋ ಎಂಬ ಭಯ ಬಿಟ್ಟರೆ ಬೇರೇನೂ ತಲೆಯಲ್ಲಿರಲಿಲ್ಲ.

ಓಸೇಜರ ಕಡೆಯಿಂದ ನೋಡಿ. ಗೋಡೆಯ ದಿಮ್ಮಿಗಳು ಅವರ ಹಳ್ಳದ ದಂಡೆಯ ಮರಗಳು. ಅಪ್ಪ ಹೊಡೆದು ತರುತ್ತಿರುವುದು ಅವರ ಕಾಡಿನ ಬೇಟೆ. ನೀರು ಅವರದು, ಹುಲ್ಲು ಅವರದು. ಕೇಳದೆ ಬಂದು ಕೂತವನ ಮನೆಯಲ್ಲಿ ನಾಲ್ಕು ರೊಟ್ಟಿ ಕೇಳುವುದಕ್ಕೆ ನಮ್ಮ ಕಡೆ ಬೇರೆಯೇ ಪದವಿದೆ: ಗೇಣಿ. ಇದು ನನ್ನ ಚಮತ್ಕಾರವೇನಲ್ಲ. ಆ ಕಾಲದ ಓಸೇಜರ ಚರಿತ್ರೆಯನ್ನು ಕೆದಕಿದ ವಿದ್ವಾಂಸರೂ ಈ ಭೇಟಿಗಳನ್ನು ಕಳ್ಳತನ ಎನ್ನುವುದಕ್ಕಿಂತ ನೆಲದ ಬಾಡಿಗೆಯ ವಸೂಲಿ ಎಂದೇ ಓದುತ್ತಾರೆ. ಅಡುಗೆಮನೆಯಲ್ಲಿ ಒಂಟಿಯಾಗಿ ನಿಂತ ಅಮ್ಮನ ನಡುಕವೂ ಸುಳ್ಳಲ್ಲ. ಎರಡೂ ಒಂದೇ ಒಲೆಯ ಮುಂದೆ ನಡೆದವು.

ವೈಲ್ಡರ್‌ಗೆ ಇದು ಹೊಳೆದಿರಲಿಲ್ಲ ಎಂದು ಹೇಳುವಂತೆಯೂ ಇಲ್ಲ, ಏಕೆಂದರೆ ಪುಸ್ತಕದಲ್ಲಿ ಪಹಣಿ ಕೇಳುವವಳು ಲಾರಾಳೇ. ಅಮ್ಮ ತನಗೆ ಇಂಡಿಯನ್ನರು, ಅಂದರೆ ಅಲ್ಲಿನ ಮೂಲನಿವಾಸಿಗಳು, ಇಷ್ಟವಿಲ್ಲ ಎಂದಾಗ, ಇದು ಅವರ ಸೀಮೆಯಲ್ಲವೇ, ಇಷ್ಟವಿಲ್ಲದಿದ್ದರೆ ಇಲ್ಲಿಗೆ ಏಕೆ ಬಂದೆವು ಎಂದು ಹುಡುಗಿ ಕೇಳುತ್ತಾಳೆ. ಇನ್ನೊಂದು ರಾತ್ರಿ ಅಪ್ಪ ವಿವರಿಸುತ್ತಾನೆ: ಬಿಳಿಯರು ಬಂದರೆ ಇಂಡಿಯನ್ನರು ಮುಂದಕ್ಕೆ ಹೋಗಲೇಬೇಕು, ಸರ್ಕಾರ ಅವರನ್ನು ಪಶ್ಚಿಮಕ್ಕೆ ಕಳಿಸುತ್ತದೆ, ಮೊದಲು ಬಂದವರಾದ್ದರಿಂದ ನಮಗೆ ಒಳ್ಳೆಯ ಜಮೀನು ಸಿಗುತ್ತದೆ. ಲಾರಾ ಸುಮ್ಮನಿರುವುದಿಲ್ಲ. ಇದು ಅವರ ಸೀಮೆ ಎಂದುಕೊಂಡಿದ್ದೆ, ಹೊರಡಿಸಿದರೆ ಅವರಿಗೆ ಸಿಟ್ಟು ಬರುವುದಿಲ್ಲವೇ ಎಂದು ಶುರು ಮಾಡುತ್ತಾಳೆ. ಇನ್ನು ಪ್ರಶ್ನೆ ಸಾಕು, ಮಲಗು ಎನ್ನುತ್ತಾನೆ ಅಪ್ಪ. ಎಂಥ ಬಾವಿಯನ್ನೂ ತೋಡಬಲ್ಲ, ಎಂಥ ಬೆಂಕಿಗೂ ಎದುರುಬೆಂಕಿ ಕೊಡಬಲ್ಲ ಈ ಮನುಷ್ಯ ಇಡೀ ಪುಸ್ತಕದಲ್ಲಿ ಕೈಚೆಲ್ಲುವುದು ಈ ಒಂದು ಪ್ರಶ್ನೆಗೆ.

(ಕನ್ನಡದ ಮಗುವಿಗೆ ಇಲ್ಲೊಂದು ತಲೆನೋವು ಬೇರೆ. ‘ಇಂಡಿಯನ್ನರು ಬಂದರು’ ಎಂಬ ಸಾಲು ಓದಿ, ನಾವು ಅಷ್ಟು ದೂರ ಯಾವಾಗ ಹೋದೆವು ಎಂದು ನಾನು ಮನೆಯವರನ್ನೆಲ್ಲ ಪೀಡಿಸಿದ್ದೆ.)

ಇನ್ನು ಕೊನೆ. ಪುಸ್ತಕದಲ್ಲಿ ನಡೆಯುವುದು ಹೀಗೆ: ನೆಲೆಸಿದವರನ್ನು ಎಬ್ಬಿಸಲು ಸೈನ್ಯ ಬರುತ್ತಿದೆ ಎಂಬ ಸುದ್ದಿ ಬರುತ್ತದೆ. ಅಪ್ಪ ರೇಗುತ್ತಾನೆ. ವಾಷಿಂಗ್ಟನ್ನಿನ ರಾಜಕಾರಣಿಗಳು ಇಲ್ಲಿ ಕೂರಬಹುದು ಎಂದು ಹೇಳಿ ಕಳಿಸದಿದ್ದರೆ ಗಡಿ ದಾಟಿ ಮೂರು ಮೈಲಿ ಒಳಕ್ಕೆ ಬರುತ್ತಲೇ ಇರಲಿಲ್ಲ, ಅಪರಾಧಿಯಂತೆ ಎಳೆಸಿಕೊಂಡು ಹೋಗಲು ತಾನು ಕಾಯುವುದಿಲ್ಲ ಎನ್ನುತ್ತಾನೆ. ಮರುದಿನವೇ ಗಾಡಿ ಸಿದ್ಧ. ಓದುಗನ ಮನಸ್ಸಿನಲ್ಲಿ ಉಳಿಯುವ ಚಿತ್ರ: ದುಡಿದ ರೈತನಿಗೆ ಸರ್ಕಾರ ಮೋಸ ಮಾಡಿತು.

ಕಾಗದಗಳು ಹೇಳುವುದು ಹೆಚ್ಚುಕಡಿಮೆ ತಿರುವುಮುರುವು. ಸೈನ್ಯ ಬರುತ್ತದೆಂಬ ಗುಲ್ಲು ಎದ್ದದ್ದು ನಿಜ. ಆದರೆ 1870ರ ಜುಲೈ 15ರಂದು ಅಮೆರಿಕದ ಕಾಂಗ್ರೆಸ್ ಕಾಯ್ದೆ ಮಾಡಿ, ಓಸೇಜರನ್ನು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಕ್ಕೆ ಕಳಿಸುವುದೆಂದೂ ಕಾನ್ಸಾಸ್‌ನ ಜಮೀನನ್ನು ಅಲ್ಲಿ ಕೂತವರಿಗೆ ಎಕರೆಗೆ ಒಂದೂಕಾಲು ಡಾಲರಿನಂತೆ ಮಾರುವುದೆಂದೂ ತೀರ್ಮಾನಿಸಿತು. ಅದೇ ಸೆಪ್ಟೆಂಬರಿನಲ್ಲಿ ಡ್ರಮ್ ಕ್ರೀಕ್ ಎಂಬಲ್ಲಿ ಸಭೆ ಸೇರಿ ಓಸೇಜರು ಒಪ್ಪಿದರು. ಬೇರೆ ದಾರಿ ಅವರಿಗೆ ಉಳಿದಿರಲಿಲ್ಲ. ಬಂದ ಹಣದಲ್ಲಿ ಚೆರೋಕಿ ಜನರಿಂದ ಹೊಸ ನೆಲ ಕೊಂಡರು. ಅಕ್ರಮ ಸಕ್ರಮವಾಯಿತು, ಎಬ್ಬಿಸಿದ್ದು ಓಸೇಜರನ್ನು. 160 ಎಕರೆಗೆ 200 ಡಾಲರ್ ಹೊಂದಿಸಿದ್ದರೆ ಚಾರ್ಲ್ಸ್ ಅಲ್ಲೇ ಉಳಿಯಬಹುದಿತ್ತು. ಅವನು 1871ರಲ್ಲಿ ಹೊರಟದ್ದಕ್ಕೆ ತೀರ ಸಾಮಾನ್ಯವಾದ ಇನ್ನೊಂದು ಕಾರಣವಿದೆ. ವಿಸ್ಕಾನ್ಸಿನ್ನಿನ ಹಳೆಯ ಜಮೀನನ್ನು ಕಂತಿನ ಮೇಲೆ ಕೊಂಡಿದ್ದವನು ಹಣ ಕಟ್ಟಲಾರದೆ ಕೈಯೆತ್ತಿದ್ದ, ಜಮೀನು ಚಾರ್ಲ್ಸ್‌ಗೇ ಮರಳಿ ಬಂತು.

ಹಾಗಾದರೆ ವೈಲ್ಡರ್ ಸುಳ್ಳು ಬರೆದಳೇ? ಆತುರ ಬೇಡ. ಲಾರಾ ಹುಟ್ಟಿದ್ದು 1867ರ ಫೆಬ್ರುವರಿ 7ರಂದು. ಕಾನ್ಸಾಸ್‌ನಲ್ಲಿದ್ದಾಗ ಅವಳಿಗೆ ಎರಡೂವರೆಯಿಂದ ನಾಲ್ಕು ವರ್ಷ. ಪುಸ್ತಕದ ಲಾರಾ ಅದಕ್ಕಿಂತ ದೊಡ್ಡವಳು, ಅಪ್ಪನಿಗೆ ಬಾಗಿಲು ಮಾಡಲು ಕೈ ಹಚ್ಚುವಷ್ಟು. ಪುಸ್ತಕದಲ್ಲಿ ಗಾಡಿಯಲ್ಲೇ ಬರುವ ತಂಗಿ ಕ್ಯಾರಿ ನಿಜದಲ್ಲಿ ಹುಟ್ಟಿದ್ದೇ ಕಾನ್ಸಾಸ್‌ನಲ್ಲಿ, 1870ರ ಆಗಸ್ಟ್ 3ರಂದು. ಅಂದರೆ ನಮ್ಮ ಕೈಯಲ್ಲಿರುವುದು ನೆನಪಿನ ಪುಸ್ತಕವೇ ಅಲ್ಲ. ಅಪ್ಪ ಅಮ್ಮ ಅಕ್ಕ ಹೇಳುತ್ತಿದ್ದ ಮನೆಯ ಕಥೆಗಳನ್ನು ಅರವತ್ತು ದಾಟಿದ ಹೆಂಗಸು ಕಾದಂಬರಿಯಾಗಿ ಹೆಣೆದದ್ದು. ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ಎಂದು ಬರೆದಳು. ಆ ಲೆಕ್ಕ ಹಿಡಿದು ದಕ್ಷಿಣಕ್ಕೆ ಹೋದರೆ ಒಕ್ಲಹೋಮದೊಳಗೆ ಇಳಿಯುತ್ತೇವೆ, ಅವಳೂ ಮಗಳು ರೋಸ್ ವೈಲ್ಡರ್ ಲೇನ್ ಕೂಡ ಒಮ್ಮೆ ಅಲ್ಲೇ ಹುಡುಕಿ ಬರಿಗೈಯಲ್ಲಿ ಬಂದರು. ಹಳೆಯ ಜನಗಣತಿಯ ಪುಟಗಳಿಂದ ಆಮೇಲೆ ಗೊತ್ತಾದ ಜಾಗ ಪಟ್ಟಣದಿಂದ 13 ಮೈಲಿಯ ಆಸುಪಾಸಿನಲ್ಲಿದೆ. ಅದು ಕಾನ್ಸಾಸ್‌ನಲ್ಲೇ, ಆ ‘ಕುಗ್ಗಿಸಿದ’ ಪ್ರದೇಶದ ಒಳಗೇ ಇದೆ. ಗಡಿಯಿಂದ ‘ಮೂರು ಮೈಲಿ’ ತಪ್ಪಿಬಿದ್ದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಆದರೂ ಕೆಲವು ಬದಲಾವಣೆಗಳು ಮರೆವಿನಿಂದ ಆದವಲ್ಲ. ವೈಲ್ಡರ್ ಮೊದಲು ದೊಡ್ಡವರಿಗಾಗಿ ‘ಪಯೋನಿಯರ್ ಗರ್ಲ್’ ಎಂಬ ಆತ್ಮಕಥೆ ಬರೆದಿದ್ದಳು. ಪ್ರಕಾಶಕರು ಆಗ ಬೇಡವೆಂದರು, ಅಚ್ಚಾದದ್ದು 2014ರಲ್ಲಿ. ಅದರಲ್ಲಿ ಜ್ಯಾಕ್ ಎಂಬ ನಾಯಿಯ ಗತಿ ನೋಡಿ. ಕಥೆಯಲ್ಲಿ ಅದು ತುಂಬಿದ ಹೊಳೆಯಲ್ಲಿ ಕಳೆದುಹೋಗಿ ತಿರುಗಿ ಬಂದು, ಕೊನೆಗೆ ಗಾಡಿಯ ಕೆಳಗೆ ನಡೆಯುತ್ತಲೇ ಕಾನ್ಸಾಸ್ ಬಿಡುತ್ತದೆ. ನಿಜದಲ್ಲಿ ಅಪ್ಪ ಕುದುರೆಗಳನ್ನು ವಿನಿಮಯ ಮಾಡಿದಾಗ, ನಾಯಿ ಅವುಗಳ ಜೊತೆಯಲ್ಲೇ ಇರಬಯಸಿತೆಂದು ಅದನ್ನೂ ಕೊಟ್ಟುಬಿಟ್ಟ. ಇದನ್ನು ಓದಿದ ದಿನ ನನಗೆ ಭೂಮಿಯ ವಿಷಯ ತಿಳಿದಾಗ ಆದದ್ದಕ್ಕಿಂತ ಹೆಚ್ಚು ಬೇಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ರೋಸ್ ಹೆಸರಾಂತ ಪತ್ರಕರ್ತೆ, ತಾಯಿಯ ಹಸ್ತಪ್ರತಿಗಳನ್ನು ತಿದ್ದಿ ಕಟ್ಟಿದವಳು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ರೂಸ್‌ವೆಲ್ಟ್ ಸರ್ಕಾರದ ನೆರವಿನ ಯೋಜನೆಗಳನ್ನು ಕಂಡರೆ ತಾಯಿಗೂ ಮಗಳಿಗೂ ಆಗುತ್ತಿರಲಿಲ್ಲ. ಯಾರ ಹಂಗೂ ಇಲ್ಲದೆ ಬದುಕುವ ಕುಟುಂಬ ಎಂಬ ಹೊಳಪು ಮಾಲೆಗೆಲ್ಲ ಬಂದದ್ದರಲ್ಲಿ ಅದರ ಪಾಲೂ ಇದೆ. ಮುಂದೆ ಕುರುಡಾದ ಅಕ್ಕ ಮೇರಿ ಅಂಧರ ಕಾಲೇಜಿಗೆ ಹೋಗುತ್ತಾಳೆ. ಅದಕ್ಕಾಗಿ ಮನೆಯವರೆಲ್ಲ ದುಡಿದು ಕೂಡಿಡುವುದನ್ನು ಪುಸ್ತಕಗಳು ಮನಮುಟ್ಟುವಂತೆ ಹೇಳುತ್ತವೆ. ಅವಳ ಶಿಕ್ಷಣದ ವೆಚ್ಚ ಕಟ್ಟಿದ್ದು ಡಕೋಟ ಪ್ರಾಂತ್ಯದ ಸರ್ಕಾರ ಎಂಬುದನ್ನು ಹೇಳುವುದಿಲ್ಲ.

ಜ್ವರದ ಅಧ್ಯಾಯವನ್ನು ದಾಟಿ ಹೋಗಲು ನನಗೆ ಮನಸ್ಸು ಬಾರದು. ಮನೆಮಂದಿಯೆಲ್ಲ ಚಳಿಜ್ವರದಲ್ಲಿ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಆಗ ಬರುವ ಡಾಕ್ಟರ್ ಟ್ಯಾನ್ ಕಪ್ಪು ವರ್ಣದವನು. ಲಾರಾ ಅಂಥವರನ್ನು ಕಂಡದ್ದು ಅದೇ ಮೊದಲು. ಅವನು ಕುಡಿಸುವ ಕಹಿ ಪುಡಿ ಕ್ವಿನೈನ್. ಜಾರ್ಜ್ ಟ್ಯಾನ್ ನಿಜವಾಗಿ ಅವರ ನೆರೆಯಲ್ಲಿದ್ದ ವೈದ್ಯ. ಅವನ ಸಮಾಧಿ ಇಂಡಿಪೆಂಡೆನ್ಸ್‌ನಲ್ಲಿದೆ. ಜ್ವರ ಬಂದದ್ದು ಹಳ್ಳದ ಬಯಲಲ್ಲಿ ಬೆಳೆದ ಕಲ್ಲಂಗಡಿ ತಿಂದದ್ದರಿಂದ ಎಂದು ನೆರೆಮನೆಯ ಮಿಸೆಸ್ ಸ್ಕಾಟ್ ಆಣೆ ಮಾಡಿ ಹೇಳುತ್ತಾಳೆ. ನಗಬೇಡಿ. ಮಲೇರಿಯಾ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಸೊಳ್ಳೆಯ ಕಾಟ ಅವನ ಗಮನಕ್ಕೆ ಮೊದಲು ಬಿದ್ದದ್ದು ನಮ್ಮ ಬೆಂಗಳೂರಿನ ಬಂಗಲೆಯಲ್ಲಿ, 1883ರಲ್ಲಿ. ಮಿಸೆಸ್ ಸ್ಕಾಟ್‌ಗೆ ಇನ್ನೂ ಕಾಲು ಶತಮಾನ ಕಲ್ಲಂಗಡಿಯನ್ನು ದೂರುವ ಹಕ್ಕಿತ್ತು.

ಇದೇ ಹೆಂಗಸಿನ ಬಾಯಲ್ಲಿ ಇನ್ನೊಂದು ಮಾತು ಬರುತ್ತದೆ: ಒಳ್ಳೆಯ ಇಂಡಿಯನ್ ಎಂದರೆ ಸತ್ತ ಇಂಡಿಯನ್ ಮಾತ್ರ. ಆ ಕಾಲದಲ್ಲಿ ಅಲ್ಲೆಲ್ಲ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ಮಾತು ಇದು. ಅಪ್ಪ ಒಪ್ಪುವುದಿಲ್ಲ, ನಿಜ. ಆದರೆ ಅಮೆರಿಕದ ತರಗತಿಯೊಂದರಲ್ಲಿ ಟೀಚರು ಇದನ್ನು ಗಟ್ಟಿಯಾಗಿ ಓದುವಾಗ ಬೆಂಚಿನ ಮೇಲೆ ಮೂಲನಿವಾಸಿ ಮಗುವೊಂದು ಕೂತಿದ್ದರೆ? 1998ರಲ್ಲಿ ಮಿನೆಸೋಟದಲ್ಲಿ ಹಾಗೇ ಆಯಿತು. ಡಕೋಟ ಜನಾಂಗದ ವಿದುಷಿ ವಾಜಿಯಾಟವಿನ್ ತನ್ನ ಮಗಳ ಶಾಲೆಯಲ್ಲಿ ಈ ಪುಸ್ತಕದ ಓದನ್ನು ಪ್ರಶ್ನಿಸಿದರು. ಲೇಖಕಿ ಬದುಕಿದ್ದಾಗಲೇ ಒಂದು ತಿದ್ದುಪಡಿ ಆಗಿತ್ತು. ಮೊದಲ ಮುದ್ರಣಗಳಲ್ಲಿ ಆ ಬಯಲನ್ನು ಕುರಿತು, ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ಸಾಲುಗಳಿದ್ದವು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಬರೆದು ಆಕ್ಷೇಪಿಸಿದರು. ವೈಲ್ಡರ್ ತನ್ನ ಪೆದ್ದತನವನ್ನು ಒಪ್ಪಿಕೊಂಡಳು. 1953ರ ಮುದ್ರಣದಲ್ಲಿ ‘ಜನ’ ಎಂಬುದು ‘ನೆಲೆಸಿದವರು’ ಎಂದಾಯಿತು. ಒಂದು ಪದ. 2018ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗ, 1954ರಿಂದ ವೈಲ್ಡರ್ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನೇ ಬದಲಿಸಿತು. ಪುಸ್ತಕವನ್ನೇನೂ ಯಾರೂ ನಿಷೇಧಿಸಲಿಲ್ಲ, ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಹೆಸರು ತೆಗೆದದ್ದು ನನಗೆ ಅತಿರೇಕ ಅನ್ನಿಸಲಿಲ್ಲ. ಆದರೆ ಪುಸ್ತಕವನ್ನು ಕತ್ತರಿಸಿ ‘ಸ್ವಚ್ಛ’ ಆವೃತ್ತಿ ತಂದರೆ ಲಾರಾಳ ಆ ಎರಡು ಪ್ರಶ್ನೆಗಳೂ ಅದರೊಂದಿಗೇ ಹೋಗುತ್ತವೆ ಎಂಬ ಅಳುಕು ನನ್ನದು.

ಮನೆಯಲ್ಲಿ ಓದಿ ಹೇಳುವಾಗ ನಾನು ಈಗ ಯಾವ ಸಾಲನ್ನೂ ಹಾರಿಸುವುದಿಲ್ಲ. ಹೆಚ್ಚು ಹೊತ್ತು ನಿಲ್ಲುವುದು ಓಸೇಜರು ಹೊರಡುವ ಅಧ್ಯಾಯದಲ್ಲಿ. ಮನೆಯ ಮುಂದಿನ ಹಾದಿಯಲ್ಲಿ ಕುದುರೆಗಳ ಸಾಲು, ಗಂಡಸರು, ಹೆಂಗಸರು, ಮಕ್ಕಳು. ಮಧ್ಯಾಹ್ನವಾದರೂ ಸಾಲು ಮುಗಿಯುವುದಿಲ್ಲ. ಕುದುರೆಯ ಪಕ್ಕದ ಬುಟ್ಟಿಯಿಂದ ಒಂದು ಕೂಸಿನ ಕಪ್ಪು ಕಣ್ಣು ಲಾರಾಳನ್ನು ನೋಡುತ್ತದೆ. ಆ ಕೂಸು ತನಗೆ ಬೇಕು, ಕೊಡಿಸು ಎಂದು ಅವಳು ಅಪ್ಪನ ಮುಂದೆ ಹಟ ಹಿಡಿದು ಅಳುತ್ತಾಳೆ. ಏಕೆ ಬೇಕು ಎಂದರೆ ಹೇಳಲು ಬಾರದು. ಕೊನೆಯ ಕುದುರೆ ಕಣ್ಮರೆಯಾದ ಮೇಲೆ ಆ ಮನೆಯಲ್ಲಿ ಯಾರಿಗೂ ಊಟ ಬೇಕೆನಿಸುವುದಿಲ್ಲ.

ಇದೆಲ್ಲ ನಡೆಯುತ್ತಿದ್ದ 1870ರ ಆಗಸ್ಟ್‌ನಲ್ಲಿ ಆ ಬಯಲಿಗೆ ಜನಗಣತಿಯವನು ಬಂದಿದ್ದ. ಇಂಗಲ್ಸ್ ಕುಟುಂಬದ ಹೆಸರುಗಳನ್ನು ಬರೆದುಕೊಂಡ. ಜಮೀನಿನ ಬೆಲೆ ಬರೆಯುವ ಕಲಂ ಖಾಲಿ ಬಿಟ್ಟ; ಜಮೀನು ಇನ್ನೂ ಓಸೇಜರದಾಗಿತ್ತು.

ಪುಸ್ತಕದಲ್ಲಿ ಹೊರಡುವ ಮುನ್ನಾದಿನ ಅವರು ಬಿತ್ತನೆಗೆ ಇಟ್ಟಿದ್ದ ಆಲೂಗಡ್ಡೆಯನ್ನು ತಿನ್ನುತ್ತಾರೆ. ನೇಗಿಲಿಗೆ ಗಾಡಿಯಲ್ಲಿ ಜಾಗವಿಲ್ಲ, ಅದನ್ನು ಬಿಡುತ್ತಾರೆ. ಕೊನೆಯಲ್ಲಿ ಅಪ್ಪ ಬಾಗಿಲು ಮುಂದೆ ಮಾಡುತ್ತಾನೆ. ಬಾರನ್ನು ಮಾತ್ರ ಹೊರಗೇ ಬಿಡುತ್ತಾನೆ. ಯಾರಿಗಾದರೂ ಆಸರೆ ಬೇಕಾದೀತು ಎನ್ನುತ್ತಾನೆ.